ಎಮ್ಮೆ ಕೊಟ್ಟ ಅರ್ಜಿ

ಶಿವಗಂಗವ್ವನ ಎಮ್ಮೆಯನ್ನು ಹಳಿಯಾಳದ ಕೊಂಡವಾಡಕ್ಕೆ, ಎಂದರೆ ಸರ್ಕಾರಿ ದನದ ದೊಡ್ಡಿಗೆ, ಹಾಕಿ ಆರು ದಿನವಾಗಿತ್ತು. ಮರುದಿನ ಹರಾಜು. ರಿಸರ್ವ್ ಕಾಡಿನೊಳಗೆ ಮೇಯುತ್ತಿತ್ತು ಎಂದು ಗಾರ್ಡ್ ಅಡಿವೆಯ್ಯ ಬರೆದುಕೊಟ್ಟಿದ್ದ. ಬಿಡಿಸುವ ಅಧಿಕಾರವಿದ್ದ ಫಾರೆಸ್ಟ್ ಸಾಹೇಬ ಮುಂಬೈ ಕಡೆಯವನು. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕು. ಇದು 1938ರ ಮಾತು.

ನಿವೃತ್ತ ಮಾಸ್ತರ ಅಂದಾನೆಪ್ಪ ತನ್ನ ಕಟ್ಟೆಯ ಮೇಲೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದ. ಮೂವರು ವಿದ್ಯಾರ್ಥಿಗಳಲ್ಲಿ ಇಬ್ಬರು ಬರುತ್ತಿದ್ದುದು ನೆರಳಿಗೆ. ಮೂರನೆಯವಳು ಶಿವಗಂಗವ್ವ.

"ಅರ್ಜಿ ನೀವಽ ಬರೀರಲಾ, ಮಾಸ್ತರ."

"ನಾ ಬರದ್ರ ಅದು ನನ್ನ ಎಮ್ಮಿ ಆಗ್ತೈತಿ. ನೀ ಬರಿ, ತಿದ್ದತೇನಿ."

ತನ್ನ ಎಮ್ಮೆ ಕಾಡಿಗೆ ಹೋಗಿಲ್ಲ ಎಂದು ಅವಳು ಬರೆದಳು. ಮಾಸ್ತರ ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದ.

"ಆವತ್ತ ನೀ ಎಲ್ಲಿದ್ದಿ?"

"ಮನ್ಯಾಗ ರೊಟ್ಟಿ ಬಡೀತಿದ್ದೆ."

"ಮತ್ತ ನಿನಗ ಹೆಂಗ ಗೊತ್ತು? ಕಂಡವ್ರು ಹೇಳಬೇಕು. ಇಲ್ಲಂದ್ರ ವಾದ ನಿಲ್ಲಾಂಗಿಲ್ಲ."

"ಕಂಡವ್ರು ಇಬ್ಬರಽ ರೀ. ಅಡಿವೆಯ್ಯ, ನಮ್ಮ ಎಮ್ಮಿ."

"ಅಡಿವೆಯ್ಯ ಬರದ ಕೊಟ್ಟಾನ."

"ಹಂಗಾರ ಎಮ್ಮಿ ಬರೀಲಿ."

ನಿಯಮ ತಾನೇ ಕಲಿಸಿದ್ದಾದ್ದರಿಂದ ಮಾಸ್ತರ ಹೊಸ ಹಾಳೆ ಕೊಟ್ಟ. ಅವಳು ಬರೆದಳು: ನಾನು ಎಮ್ಮೆ. ಗಾರ್ಡ್ ಕಾಡಿನಲ್ಲಿ ಸಾಗವಾನಿ ಮರದ ಕೆಳಗೆ ಮಲಗಿದ್ದ. ಎದ್ದವನೇ ಸಿಟ್ಟಿನಿಂದ ಕಾಡಿನ ಹೊರಗಿದ್ದ ನನ್ನನ್ನು ಹಿಡಿದ.

"ಅವ ಮಲಗಿದ್ದ ಅಂತ ಯಾರು ಹೇಳಿದ್ರು?"

"ಉಂಡ ಮ್ಯಾಲ ಅವ ಯಾವಾಗ ಎಚ್ಚರ ಇದ್ದಾನ್ರಿ?"

ಮಾಸ್ತರ ಒಂಬತ್ತು ಕಡೆ ಸ್ಪೆಲ್ಲಿಂಗ್ ತಿದ್ದಿದ. ತಿದ್ದಿದ್ದು ತಾನೆಂದು ಎಲ್ಲೂ ಹೇಳಕೂಡದೆಂದ.

ಮರುದಿನ ಬೆಳಿಗ್ಗೆ ಸಾಹೇಬ ಅರ್ಜಿಯನ್ನು ಎರಡು ಸಲ ಓದಿ ಅಡಿವೆಯ್ಯನನ್ನು ಕರೆಸಿದ. ನೀನು ಕಾಡಿನಲ್ಲಿ ನಿದ್ದೆ ಹೊಡೆಯುತ್ತಿದ್ದೆಯೆಂದು ಎಮ್ಮೆಯ ಹೇಳಿಕೆ ಇದೆ, ಏನನ್ನುತ್ತೀ ಎಂದು ಮರಾಠಿಯಲ್ಲಿ ಕೇಳಿದ.

"ಎಮ್ಮಿ ಸುಳ್ಳ ಹೇಳ್ತೈತ್ರಿ, ಸಾಹೇಬ್ರ. ಕಾಡಿನ್ಯಾಗ ನಾ ಎಂದೂ ಮಲಗಾಂಗಿಲ್ಲ. ಆವತ್ತ ಮಲಗಿದ್ದು ಗಡಿಕಲ್ಲಿನ ಈಚೆ, ದ್ಯಾಮಪ್ಪನ ಹೊಲದಾಗ."

ಆಗ ಎಮ್ಮೆ ಎಲ್ಲಿತ್ತು ಎಂದು ಸಾಹೇಬ ಕೇಳಿದ.

"ನನ್ನ ತಲಿ ಹತ್ತರಽ ಇತ್ರಿ. ಬಾಲ ಮಾರಿಗೆ ಬಡೀತು. ಅದಕ್ಕಽ ಎಚ್ಚರಾತು."

ಹೇಳಿ ಮುಗಿದ ಮೇಲೆ ಅಡಿವೆಯ್ಯನಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಸಾಹೇಬ ಆಗಲೇ ಬಿಡುಗಡೆಯ ಚೀಟಿ ಬರೆಯುತ್ತಿದ್ದ.

ಕೊಂಡವಾಡದ ಕಾರಕೂನ ಚೀಟಿ ಓದಿ, 'ಅರ್ಜಿದಾರರ ಸಹಿ' ಎಂಬ ಗೆರೆಯ ಮೇಲೆ ಬೆರಳಿಟ್ಟ. ಶಿವಗಂಗವ್ವ ಎಮ್ಮೆಯನ್ನು ನೋಡಿದಳು.

"ಅದಕ್ಕ ಇನ್ನೂ ಬರೀಲಿಕ್ಕೆ ಬರಾಂಗಿಲ್ರಿ. ನಾ ಹಾಕತೇನಿ."

ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದಳು. ಜೊತೆಗೆ ಬಂದಿದ್ದ ಮಾಸ್ತರ ಬಗ್ಗಿ ನೋಡಿದ. ಒಂದು ಅಕ್ಷರ ಬಿಟ್ಟುಹೋಗಿತ್ತು. ಎಮ್ಮೆ ಆಗಲೇ ಬಾಗಿಲು ದಾಟಿದ್ದರಿಂದ ಕೆಂಪು ಪೆನ್ಸಿಲ್ ಜೇಬಿನಿಂದ ತೆಗೆಯಲಿಲ್ಲ.