ಆ ಒಂದು ಪೇಪರು

ಕುದಿಯುತ್ತಿದ್ದ ಹಂಡೆಗೆ ರಂಜಾನಬಿ ಬೋರೆಗಿಡದ ಎಲೆ ಹಾಕುತ್ತಿದ್ದಾಗ, ಮಿಲ್ಲಿನ ಮಾಲೀಕ ವಿರೂಪಣ್ಣ ಅಂಗಳಕ್ಕೆ ಬಂದು ಚಪ್ಪಲಿ ಬಿಟ್ಟು ನಿಂತ. ಒಳಗೆ ಗಂಡಸರು ಅವಳ ಗಂಡ ಬಂದೇನವಾಜನನ್ನು ಕೊನೆಯ ಸ್ನಾನಕ್ಕೆ ಹಲಗೆಯ ಮೇಲೆ ಮಲಗಿಸುತ್ತಿದ್ದರು. ಹಿಂದಿನ ಸಂಜೆ ಮಿಲ್ಲಿನ ಮೋಟರಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ವಿರೂಪಣ್ಣ ತಲೆ ತಗ್ಗಿಸಿ ಮೆತ್ತಗೆ ಕೇಳಿದ: "ತಪ್ಪು ತಿಳ್ಕೋಬ್ಯಾಡವಾ. ಭತ್ತ ನೆನಿಯಾಕ ಹಾಕೇವಿ. ಇವತ್ತು ಮಿಲ್ ತಿರುಗ್ಲಿಲ್ಲಂದ್ರ ಹುಳಿ ವಾಸ್ನಿ ಬಡೀತದ. ಸ್ಟಾರ್ಟರ್ ಡಬ್ಬಿ ಕೀಲಿಕೈ ಎಲ್ಲಿ ಅದ, ಗೊತ್ತದೇನು?"

"ಅಂಗಿ ಕಿಸೆದಾಗ ಅದರ್ರಿ" ಎಂದಳು ರಂಜಾನಬಿ. ಪಕ್ಕದ ಮನೆಯ ಮಹಬೂಬೀ ಗೂಟಕ್ಕೆ ತೂಗುಹಾಕಿದ್ದ ಅಂಗಿಯಿಂದ ಕೀಲಿಕೈ ತೆಗೆದು ಕೊಟ್ಟಳು.

"ಇದ್ದತ್ತಿನ ನಾಕು ತಿಂಗಳು ಮುಗಿಯೂತನ ಈ ಮನ್ಯಾಗ ಇರವಾ. ಆಮ್ಯಾಲ ನೋಡಮು. ಹೊಸ ಮಿಸ್ತ್ರಿಗೂ ಮನಿ ಬೇಕಲ್ಲ" ಎಂದ ವಿರೂಪಣ್ಣ, ಹೋಗುತ್ತಾ ತಿರುಗಿದ. "ಪಾಪ, ಭಾಳ ಶಾಣ್ಯಾ ಮನಷಾ. ಆ ಒಂದು ಪೇಪರ್ ಪಾಸಾಗಿದ್ರ ಎಲ್ಲೋ ಇರ್ತಿದ್ದ."

ನೆರೆದವರೆಲ್ಲ ಹೌದೆಂದು ತಲೆಯಾಡಿಸಿದರು. ಬೆಳಗಿನಿಂದ ಬಂದವರೆಲ್ಲ ಆಡಿದ ಮಾತು ಅದೊಂದೇ.

*

ಬಂದೇನವಾಜ ರಾಯಚೂರಿನಲ್ಲಿ ಡಿಪ್ಲೊಮಾ ಓದಿದವನು. ಎಲ್ಲ ಪೇಪರೂ ಪಾಸಾಗಿ ಎಲೆಕ್ಟ್ರಿಕಲ್ ಪೇಪರೊಂದು ಉಳಿದಿತ್ತು. ಸರ್ಟಿಫಿಕೇಟು ಕೈಗೆ ಬರುವ ತನಕ ಎಂದುಕೊಂಡು ಎಪ್ಪತ್ತೊಂದರಲ್ಲಿ ಮಾನ್ವಿಯ ಅಕ್ಕಿ ಮಿಲ್ಲಿಗೆ ಮೋಟರ್ ಮಿಸ್ತ್ರಿಯಾಗಿ ಸೇರಿದ. ವಿರೂಪಣ್ಣ ಮಿಲ್ಲಿನ ಹಿಂದೆ ಒಂದು ಖೋಲಿ ಕೊಟ್ಟ. ಮಿಲ್ಲು ಬಿಟ್ಟರೆ ಖೋಲಿಯನ್ನೂ ಬಿಡಬೇಕು.

ಮದುವೆಯೆಂದರೆ ರಜೆಯಿಲ್ಲ, ಉರುಸೆಂದರೆ ರಜೆಯಿಲ್ಲ. ಮಲ್ಲಟದಲ್ಲಿ ರಂಜಾನಬಿಯ ತಾಯಿ ತೀರಿಕೊಂಡಾಗಲೂ ಅವಳೊಬ್ಬಳೇ ಬಸ್ಸು ಹತ್ತಿದ್ದಳು. ಆದರೆ ವರ್ಷಕ್ಕೆರಡು ಸಲ ಪರೀಕ್ಷೆಯ ದಿನ ಮಾತ್ರ ವಿರೂಪಣ್ಣ ತಡೆಯುತ್ತಿರಲಿಲ್ಲ. "ಓದಾಕ ಅಡ್ಡ ಬಂದ ಪಾಪ ನನಗ ಬ್ಯಾಡ" ಎನ್ನುತ್ತಿದ್ದ.

ಆ ದಿನ ರಂಜಾನಬಿ ನಸುಕಿನಲ್ಲೆದ್ದು ರೊಟ್ಟಿ ಕಟ್ಟಿಕೊಟ್ಟು, ಅವನು ಪಾಸಾಗಲೆಂದು ತಾನು ಉಪವಾಸವಿದ್ದು ರೋಜಾ ಹಿಡಿಯುತ್ತಿದ್ದಳು. ಸಂಜೆಯ ಬಸ್ಸಿಗೆ ಗಂಡ ಬರುತ್ತಿದ್ದ.

"ಏನಾತ್ರಿ?"

"ಈ ಸರ್ತಿನೂ ಅದೇ ಲೆಕ್ಕ ಬಂದಿತ್ತು" ಎಂದು ಚಪ್ಪಲಿ ಕಳಚುತ್ತಿದ್ದ. ಎರಡು ತಿಂಗಳಾದ ಮೇಲೆ ಫೇಲು ಎನ್ನುತ್ತಿದ್ದ. ಹದಿನೈದು ವರ್ಷ ಹೀಗೇ ನಡೆಯಿತು.

*

ಮಣ್ಣು ಮುಗಿಸಿ ಗಂಡಸರು ಮರಳಿದರು. ಅವರ ಜೊತೆ ಬಂದ ಗುರುತಿಲ್ಲದ ಒಬ್ಬ ಮನುಷ್ಯ ಬಾಗಿಲ ಹೊರಗಿನ ಪರಸಿ ಕಲ್ಲಿನ ಮೇಲೆ ಕೂತ. ಮೂವತ್ತರ ವಯಸ್ಸಿರಬೇಕು. ಇಸ್ತ್ರಿ ಅಂಗಿಯ ಹೆಗಲಿಗೆ ಜನಾಜಾದ ಮಂಚ ಹೊತ್ತ ಧೂಳಿತ್ತು.

"ಅಕ್ಕಾರ, ನಾನು ಮುದುಕಪ್ಪ ಅಂತ. ದೇವದುರ್ಗದ ಕರೆಂಟ್ ಆಫೀಸಿನ್ಯಾಗ ಇಂಜಿನಿಯರ್ ಇದ್ದೀನಿ. ಬಂದೇನವಾಜ್ ಸರ್ ಹೋದ ಸುದ್ದಿ ನಮ್ಮ ಲೈನ್‌ಮನ್ ಹೇಳಿದ."

ಸರ್ ಎಂದದ್ದು ಕೇಳಿ ಬಾಗಿಲ ಒಳಗೆ ಕೂತಿದ್ದ ರಂಜಾನಬಿ ತಲೆಯೆತ್ತಿದಳು. ಮಿಲ್ಲಿನಲ್ಲಿ ಎಲ್ಲರೂ ಅವನನ್ನು ಕರೆಂಟ್ ಸಾಬ ಎನ್ನುತ್ತಿದ್ದರು.

"ನಿಮಗ ಅವರು ಯಾವಾಗ ಸರ್ ಆದ್ರು?"

"ನಾನೂ ಅವರೂ ಎಪ್ಪತ್ತೊಂಬತ್ತರಾಗ ಕೂಡೇ ಆ ಪೇಪರ್ ಪಾಸಾದ್ವಿ. ಬೋರ್ಡಿನ್ಯಾಗ ನನ್ನ ನಂಬರ್ ಕೆಳಗ ಅವರ ನಂಬರ್ ಇತ್ತು. ಪರೀಕ್ಷಾ ದಿನ ಮುಂಜಾನೆ ನನಗ ಲೆಕ್ಕ ಹೇಳಿಕೊಟ್ಟವರು ಅವರೇ."

ಮಹಬೂಬೀ ರಂಜಾನಬಿಯ ತೋಳು ಹಿಡಿದಳು.

"ಪಾಸಾಗಿದ್ರು?" ಎಂದಳು ರಂಜಾನಬಿ.

ಮುದುಕಪ್ಪನಿಗೆ ತಾನು ಏನು ಹೇಳಿಬಿಟ್ಟೆನೆಂದು ಆಗ ಅರಿವಾಯಿತು. ಆದರೂ ಹೇಳಿದ: "ಪಾಸಾಗೂದ್ರಾಗ ಸರ್ಕಾರಿ ನೌಕರಿ ವಯಸ್ಸು ಮೀರಿತ್ರಿ. ಅರ್ಜಿ ವಾಪಸ್ ಬಂತು. ಮನ್ಯಾಗರ ಹೇಳ್ರಿ ಅಂದೆ. ‘ಹೇಳಿದ್ರ ಆಕಿ ಖುಷಿಲೆ ಓಣಿಗೆಲ್ಲ ಸಕ್ಕರಿ ಹಂಚ್ತಾಳ, ವಿರೂಪಣ್ಣಗ ಗೊತ್ತಾಗ್ತದ. ಪರೀಕ್ಷಾ ಇಲ್ಲಂದ್ರ ನನಗ ರಜಾ ಇಲ್ಲ’ ಅಂದ್ರು. ಆಮ್ಯಾಲಿಂದ ಪರೀಕ್ಷಾ ಬಂದಾಗೊಮ್ಮೆ ರಾಯಚೂರಿನ ಹಾಸ್ಟೆಲ್ ಮುಂದಿನ ಬೇವಿನ ಗಿಡದ ಕೆಳಗ ಕೂಡ್ತಿದ್ರು. ಫೇಲಾದವರಿಗೆಲ್ಲ ಆ ಲೆಕ್ಕ ಹೇಳಿಕೊಡ್ತಿದ್ರು. ನಮ್ಮ ತಮ್ಮನೂ ಅವರ ಕಡಿಂದ ಪಾಸಾದ."

ಬೆಳಗಿನಿಂದ ಅತ್ತಿದ್ದ ರಂಜಾನಬಿಯ ಕಣ್ಣು ಈಗ ಒಣಗಿಹೋಗಿತ್ತು.

"ಏಳು ವರ್ಷಕ್ಕ ಹದಿನಾಕು ರೋಜಾ ಹಿಡಿದೀನಿ, ಪಾಸಾದ ಮನಷಾಗ" ಎಂದಳು. "ಅವರಿಗೆ ವರ್ಷಕ್ಕ ಎರಡು ದಿನರ ರಜಾ ಇತ್ತು. ನನಗ ಎಂದಿತ್ತು? ಒಂದ ಒಂದು ಸಲ ಕರ್ಕೊಂಡು ಹೋಗಿದ್ರ, ಆ ಗಿಡದ ಕೆಳಗ ನಾನೂ ಕೂಡ್ತಿದ್ದಿಲ್ಲೇನು?"

ಮುದುಕಪ್ಪ ಏಳಲು ಹೊರಟಾಗ ಅವಳೇ ತಡೆದಳು.

"ಕೂಡ್ರಿ. ಏನದು ಲೆಕ್ಕ? ನನಗೂ ಹೇಳ್ರಿ. ನಾಕನೇ ಇಯತ್ತೆ ತನಕ ಓದೀನಿ."

ಅವನು ಅಂಗಳದಲ್ಲಿ ಬಿದ್ದಿದ್ದ ಇಟ್ಟಂಗಿ ಚೂರು ಎತ್ತಿಕೊಂಡು ಪರಸಿಯ ಮೇಲೆ ಒಂದು ಹುಬ್ಬು, ಒಂದು ತಗ್ಗು ಎಳೆದ.

"ಕರೆಂಟು ಹಿಂಗ ಹೋಗ್ತದ, ಹಿಂಗ ವಾಪಸ್ ಬರ್ತದ. ತುದಿ ಹತ್ತು ಆಂಪಿಯರ್. ತಂತಿ ತಡಿಯೂದು ಎಂಟು ಓಮ್. ಸರಾಸರಿ ಎಷ್ಟು ಪವರ್ ಸುಡ್ತದ ಅಂತ ಪ್ರಶ್ನೆ. ಸರ್ ಮೊದಲೆಲ್ಲ ಹೋದದ್ದೂ ಬಂದದ್ದೂ ಕೂಡಿಸಿ ಸರಾಸರಿ ಮಾಡ್ತಿದ್ರು. ಸೊನ್ನಿ ಬರ್ತಿತ್ತು."

"ಸೊನ್ನಿ ಹೆಂಗಾಗ್ತದ? ತಂತಿ ಕಾಯ್ತದಲ್ಲ."

"ಅಲ್ಲೇ ಎಂಟು ವರ್ಷ ಸಿಕ್ಕೊಂಡಿದ್ರು. ಹೋಗಲಿ, ಬರಲಿ, ತಂತಿ ಕಾಯೂದು ಕಾಯ್ತದ. ಅದಕ್ಕ ಮೊದಲು ಗುಣಿಸಬೇಕು, ಸರಾಸರಿ ಆಮ್ಯಾಲ. ಹತ್ತನ್ನ ಹತ್ತಲಿಂದ ಗುಣಿಸಿ, ಮತ್ತ ಎಂಟಲಿಂದ ಗುಣಿಸ್ರಿ."

"ಎಂಟುನೂರು."

"ಅದು ತುದಿಗೆ ಬರೂದು. ಯಾವಾಗಲೂ ತುದಿಯಾಗ ಇರೂದಿಲ್ಲಲ್ಲ, ಏರಿ ಇಳೀತದ. ಸರಾಸರಿ ಅದರ ಅರ್ಧ."

"ನಾಕುನೂರು" ಎಂದಳು ರಂಜಾನಬಿ. "ಇಷ್ಟೇ ಏನು?"

"ಇಷ್ಟೇರಿ ಅಕ್ಕಾರ."

ದೇವದುರ್ಗದ ಕೊನೆಯ ಬಸ್ಸಿಗೆ ಮುದುಕಪ್ಪ ಎದ್ದ. ಮಹಬೂಬೀ ಒಂದು ಹಳೆಯ ಸೀರೆಯನ್ನು ಬಾಗಿಲಿಗೆ ಪರದೆ ಕಟ್ಟಿದಳು. "ಇನ್ನು ಇದ್ದತ್, ನಾಕು ತಿಂಗಳು ಹತ್ತು ದಿನ ಹೊರಗ ಹೆಜ್ಜಿ ಇಡಬ್ಯಾಡ ಯವ್ವಾ" ಎಂದು ಹೇಳಿ ಅನ್ನ ತರಲು ಹೋದಳು.

ರಂಜಾನಬಿ ಪರದೆಯ ಅಡಿಯಿಂದ ಕೈಚಾಚಿ ಇಟ್ಟಂಗಿ ಚೂರನ್ನು ಒಳಗೆಳೆದುಕೊಂಡಳು. ಸುಣ್ಣದ ಗೋಡೆಯ ಮೇಲೆ, ಬಾಗಿಲ ಚೌಕಟ್ಟಿನಿಂದ ಶುರುಮಾಡಿ, ಒಂದು ಹುಬ್ಬು ಎಳೆದಳು, ಒಂದು ತಗ್ಗು ಎಳೆದಳು. ಮತ್ತೊಂದು ಹುಬ್ಬು, ಮತ್ತೊಂದು ತಗ್ಗು. ಗೋಡೆ ಮುಗಿದು ಮೂಲೆ ಬಂತು. ಅವಳು ಚೂರನ್ನು ಎತ್ತದೆ ಮುಂದಿನ ಗೋಡೆಗೆ ತಿರುಗಿಸಿದಳು.