ಮುನ್ನೂರ ನಲವತ್ತೊಂದರಲ್ಲಿ ಉಳಿದದ್ದು

ಗಣಿತದ ಮೇಷ್ಟ್ರಿಗೆ ಕಾಲೇಜಿನಿಂದ ಬಂದಿದ್ದು ಒಂದೇ ಸಾಲಿನ ನೋಟಿಸು. ಅವರ ಪ್ರಬಂಧವನ್ನು ತಿಂಗಳೊಳಗೆ ಇಂಟರ್ನೆಟ್ಟಿನಲ್ಲಿ ಮುನ್ನೂರು ಸಲವಾದರೂ ಯಾರಾದರೂ ತೆರೆದು ನೋಡದಿದ್ದರೆ, ಅವರ ಕೋಣೆಯ ಕರಿಹಲಗೆ ಕಿತ್ತು ಅಲ್ಲಿ ಕಾಫಿ ಯಂತ್ರ ಕೂರಿಸಲಾಗುವುದು. ಹತ್ತೊಂಬತ್ತು ವರ್ಷ ಆ ಹಲಗೆಯ ಮುಂದೆ ನಿಂತ ಮನುಷ್ಯ. ಅಂದಿನಿಂದಲೇ ಕಾಫಿ ಬಿಟ್ಟರು.

ಪ್ರಬಂಧದ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಆದರೂ ಭಾವಮೈದ ಟೊಂಕ ಕಟ್ಟಿ ನಿಂತ. "ನಮ್ಮ ಭಾವನ ಮರ್ಯಾದೆ ಪ್ರಶ್ನೆ. ಓದೋದೇನೂ ಬೇಡ, ಒತ್ತಿ ಸಾಕು" ಎಂದು ನೆಂಟರ ಮೊಬೈಲ್ ಗುಂಪಿಗೆ ಬರೆದ. ಚಿಕ್ಕಮ್ಮ ಒತ್ತಿದರು, ಷಡ್ಡಕ ಒತ್ತಿದ, ಅತ್ತೆ ತಪ್ಪಿ ಒತ್ತಿ, ಗಾಬರಿಯಾಗಿ ಮತ್ತೆ ಒತ್ತಿದರು. ತಿಂಗಳ ಕೊನೆಗೆ ಎಣಿಕೆ ಮುನ್ನೂರ ನಲವತ್ತೊಂದು! ವಿಭಾಗದ ಮುಖ್ಯಸ್ಥರು ಬೆನ್ನು ತಟ್ಟಿದರು.

ಬೇರೆಯವರಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ನಮ್ಮ ಮೇಷ್ಟ್ರಿಗೆ ಸುಖದಲ್ಲೂ ತಾಳೆ ನೋಡುವ ರೋಗ. ಎಣಿಕೆ ಏರಿದೆಯೋ ಇಲ್ಲವೋ ಎಂದು ನೋಡಲು ತಾವೇ ಪ್ರಬಂಧ ತೆರೆಯುತ್ತಿದ್ದರು. ಹಾಗೆ ತೆರೆದದ್ದೇ ಎಣಿಕೆಯನ್ನು ಏರಿಸುತ್ತಿತ್ತು. ಪಾಪ, ಪ್ರತಿ ಸಲವೂ ಸೀಮೆಸುಣ್ಣದ ಡಬ್ಬಿಯ ಮುಚ್ಚಳದ ಮೇಲೆ ಒಂದು ಗೀಟು ಹಾಕಿದ್ದರು. ಗೀಟು ಇನ್ನೂರ ಹನ್ನೆರಡು. ಅದನ್ನು ಕಳೆದರು. ನೆಂಟರದ್ದು ನೂರ ಇಪ್ಪತ್ತೆಂಟು, ಭಾವಮೈದ ಹಾಜರಿ ಇಟ್ಟಿದ್ದ. ಅದನ್ನೂ ಕಳೆದರು.

ಒಂದು ಉಳಿಯಿತು.

ಮೇಷ್ಟ್ರು ಮೆಟ್ಟಿಲಿಳಿದು ಎಣಿಕೆ ಕೋಣೆಗೆ ಓಡಿದರು. ಯಾರ ಪ್ರಬಂಧವನ್ನು ಎಷ್ಟು ಜನ, ಎಷ್ಟು ಹೊತ್ತು ನೋಡಿದರೆಂದು ಪಟ್ಟಿ ಮಾಡುವ ಗುಮಾಸ್ತೆ ಅಲ್ಲಿದ್ದಳು. ಎಲ್ಲರಿಗೂ ಆಕೆ ಎಣಿಕೆಯಮ್ಮ.

"ನಮ್ಮ ನೆಂಟರು ಎಷ್ಟು ಹೊತ್ತು ನೋಡಿದ್ರಮ್ಮ?"

"ತಲಾ ನಾಲ್ಕು ಸೆಕೆಂಡು ಸರ್. ಎಲ್ಲಾ ಸೇರಿಸಿದ್ರೂ ಅರ್ಧ ಓದುಗ ಆಗಲ್ಲ."

"ಇನ್ನೊಂದು ಉಳೀತಲ್ಲ, ಅದು?"

"ಆರು ಗಂಟೆ ನಲವತ್ತು ನಿಮಿಷ."

ಮೇಷ್ಟ್ರು ಪಟ್ಟಿಯ ಮೇಲೆ ಬಗ್ಗಿದರು. "ಯಾರದು?"

ಎಣಿಕೆಯಮ್ಮ ತಲೆ ತಗ್ಗಿಸಿದಳು. "ನಾನೇ ಸರ್. ಲಿಂಕ್ ತೆರೆಯುತ್ತೋ ಇಲ್ವೋ ನೋಡೋಣ ಅಂತ ತೆಗೆದೆ. ಮೂರನೇ ಪುಟ ಅರ್ಥ ಆಗ್ಲಿಲ್ಲ, ಹಟ ಬಂತು. ಬೈಕೋಬೇಡಿ... ಹದಿನೇಳನೇ ಪುಟದಲ್ಲಿ ತಪ್ಪಿದೆ."

ಮೇಷ್ಟ್ರಿಗೆ ಆದ ಸಂತೋಷ ಹೇಳತೀರದು. ಮೂವರು ಪಂಡಿತರು ಆ ಪ್ರಬಂಧವನ್ನು ಅದ್ಭುತ ಎಂದಿದ್ದರು. ಅವರಲ್ಲಿ ಒಬ್ಬರೂ ಹದಿನೇಳನೇ ಪುಟದ ಹತ್ತಿರ ಸುಳಿದಿರಲಿಲ್ಲ ಎಂಬುದು ಈಗ ತಿಳಿಯಿತು. "ಏಳಮ್ಮ, ಬಾ ಮೇಲೆ!" ಎಂದು ಆಕೆಯನ್ನು ಹಲಗೆಯ ಮುಂದೆ ನಿಲ್ಲಿಸಿದರು. ದಾರಿಯಲ್ಲಿ ಸಿಕ್ಕ ಮುಖ್ಯಸ್ಥರಿಗೆ, ಮುನ್ನೂರ ನಲವತ್ತನ್ನು ಹೊಡೆದುಹಾಕಿ ಎಂದೂ ಹೇಳಿಬಿಟ್ಟರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರೆಂದು ಭಾವಮೈದ ಆಮೇಲೆ ವಾರಗಟ್ಟಲೆ ಗೊಣಗಿದ.

ಮಧ್ಯಾಹ್ನ ಮುಖ್ಯಸ್ಥರು ಕಾಫಿ ಯಂತ್ರ ಹೊರಿಸಿಕೊಂಡು ಬಂದರು. ಹಲಗೆ ತುಂಬ ಬರಹ, ಇಬ್ಬರ ತಲೆಯ ಮೇಲೂ ಸೀಮೆಸುಣ್ಣದ ಪುಡಿ.

"ಮುನ್ನೂರು ಬೇಕಿತ್ತಲ್ರೀ. ಈಗ ನಿಮಗೆಷ್ಟು ಓದುಗರು?"

"ಒಬ್ಬರು" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಪೂರ್ತಿ ಒಬ್ಬರು."

ಯಂತ್ರ ಹೊತ್ತವರು ಏದುಸಿರು ಬಿಡುತ್ತಿದ್ದರು. ಎಣಿಕೆಯಮ್ಮ ಹಲಗೆಯಿಂದ ಕಣ್ಣು ತೆಗೆಯದೆ, "ಕೆಳಗೆ ನನ್ನ ಕೋಣೆ ಖಾಲಿ ಇದೆ, ಅಲ್ಲಿಡಿ" ಎಂದಳು. ಮುಖ್ಯಸ್ಥರು ಬಾಯಿ ತೆರೆಯುವಷ್ಟರಲ್ಲಿ ಹೊತ್ತವರು ಯಂತ್ರದೊಂದಿಗೆ ಮೆಟ್ಟಿಲಿಳಿಯುತ್ತಿದ್ದರು.