ಗಂಗಾಂಬಿಕಾ ವಕೀಲರ ಮೊದಲ ಪ್ರಶ್ನೆ

ಗಂಗಾಂಬಿಕಾ ವಕೀಲರು ಯಾರ ಕಣ್ಣೀರನ್ನೂ ಅರ್ಧಕ್ಕೆ ತಡೆಯುವವರಲ್ಲ. ಗಂಡ ಬಿಟ್ಟದ್ದು, ಅತ್ತೆ ಅಂದದ್ದು, ನೆಂಟರು ನಕ್ಕದ್ದು ಎಲ್ಲವೂ ಹರಿದು ಮುಗಿಯುವವರೆಗೆ ಸೆರಗಿನಿಂದ ಕನ್ನಡಕ ಒರೆಸುತ್ತ ಕೂತಿದ್ದು, ಆಮೇಲೆ ಏನೂ ಆಗದವರಂತೆ ಕೇಳುತ್ತಾರೆ: "ಇರ್ಲಿ. ಆ ಮನ್ಯಾಗ ಮುಂಜಾನೆ ಎದ್ದು ಮೊದಲು ಏನ್ ಮಾಡ್ತಿದ್ರಿ?"

ಹೊಸಪೇಟೆಯ ಬಿಸಿಲಿಗೆ ಕಪ್ಪು ಕೋಟು ಶಿಕ್ಷೆಯೇ ಸರಿ. ಉಳಿದ ವಕೀಲರು ಅದನ್ನು ತೋಳಿನ ಮೇಲೆ ಹಾಕಿಕೊಂಡು ಅಡ್ಡಾಡಿದರೆ, ಇವರು ಚಹಾದಂಗಡಿಯಲ್ಲೂ ಗುಂಡಿ ಬಿಚ್ಚರು. ಎಡಗಾಲನ್ನು ತುಸು ಎಳೆದು ಹಾಕುವ, ಅವಸರವೆಂಬುದನ್ನೇ ಅರಿಯದ ಅವರ ನಡಿಗೆಯ ಲಯ, ಜವಾನ ಹೆಸರು ಕೂಗಿ ಗಂಟಲು ಹರಿದುಕೊಂಡರೂ ಬದಲಾಗದು. ಮೊದಮೊದಲು ಅದನ್ನು ನೋಡಿ ನನ್ನ ಮೈ ಉರಿಯುತ್ತಿತ್ತು.

ನನ್ನ ತಂಗಿ ಸುಮಂಗಲಾಳನ್ನು ಕಂಪ್ಲಿಯ ಅಕ್ಕಿ ಗಿರಣಿಯ ಮನೆಗೆ ಕೊಟ್ಟಿದ್ದೆವು. ಗಂಡ ವೀರೇಶನೊಂದಿಗೆ ಹೊಂದಿಕೆಯಾಗದೆ ವಿಚ್ಛೇದನವಾಯಿತು. ಉಳಿದದ್ದು ಜೀವನಾಂಶದ ಮಾತು. ಮಗಳು ಪೂಜಿತಾಳೊಂದಿಗೆ ನಮ್ಮಲ್ಲಿದ್ದು ರವಿಕೆ ಹೊಲಿಯುತ್ತಿದ್ದ ಅವಳಿಗೆ, ಬೇರೆ ಮನೆ ಮಾಡಿ ಯಾರ ಹಂಗೂ ಇಲ್ಲದೆ ಬಾಳಬೇಕೆಂಬ ಹಂಬಲ. ಅದು ಕೈಗೂಡುವುದು ಈ ತೀರ್ಪಿನ ಮೇಲೆ ನಿಂತಿತ್ತು. ವೀರೇಶನೋ, ಗಿರಣಿ ಅಪ್ಪನದು, ತಾನಲ್ಲಿ ಲೆಕ್ಕ ಬರೆಯುವ ಸಂಬಳದಾಳು ಎಂದು ಪ್ರಮಾಣಪತ್ರವನ್ನೇ ಕೊಟ್ಟಿದ್ದ.

ಬಂಧುಬಳಗದ ಉಪದೇಶಕ್ಕೆ ಬರವೇ? ಹೊಲಿಗೆಯ ಗಳಿಕೆಯ ಬಗ್ಗೆ ಬಾಯಿ ಬಿಡಬೇಡ, ಹಳೆಯ ಸೀರೆ ಉಟ್ಟು ಹೋಗು ಎಂದರು. ಹಾಗೆಯೇ ಹೋದವಳನ್ನು ಗಂಗಾಂಬಿಕಾ ಅಡಿಯಿಂದ ಮುಡಿಯವರೆಗೆ ನೋಡಿದರು. ಬೆರಳ ತುದಿಯ ಸೂಜಿಯ ಗೀರುಗಳೂ ಅವರ ಕಣ್ಣಿಗೆ ಬಿದ್ದವು.

"ಇದೇನ್ರಿ ವೇಷ? ಭಿಕ್ಷಾ ಬೇಡಾಕ ಬಂದೀರೇನು? ಹೊಲಿಗಿ ರೊಕ್ಕಾನೂ ಬರೀರಿ. ಮುಚ್ಚಿಟ್ಟು ಸಿಕ್ಕಿಬಿದ್ರ ನೀವು ಹೇಳಿದ ಖರೇ ಮಾತೂ ಸುಳ್ಳಾಗ್ತದ."

ಆಮೇಲೆ ಅವರ ಆ ಪ್ರಶ್ನೆ ಬಂತು. ತಂಗಿ ತಬ್ಬಿಬ್ಬಾದಳು. "ಚಾ ಕಾಸ್ತಿದ್ದೆ ಮೇಡಂ. ನಸುಕಿನ್ಯಾಗ ಭತ್ತದ ಟ್ರ್ಯಾಕ್ಟರ್ ಬಂದು ನಿಂತಿರ್ತಿದ್ವು. ನಾನು ರೈತರಿಗೆ ಚಾ ಕೊಡೋದು, ಅವರು ಕಟ್ಟಿ ಮ್ಯಾಲೆ ಕುಂತು ರೇಟ್ ಮಾತಾಡೋದು."

"ಅವರಂದ್ರ? ನಿಮ್ಮ ಮಾವನೋರ?"

"ಮಾವ ಎಲ್ರೀ! ಅವರು ಪೂಜಿ ಮುಗಿಸಿ ಏಳೋದ್ರಾಗ ನಮ್ಮ ಮನಿಯವರು ವ್ಯಾಪಾರ ಮುಗಿಸಿರ್ತಿದ್ರು."

"ಇರ್ಲಿ. ಮುಂದ?" ಎಂದರು ವಕೀಲರು, ಅಷ್ಟೇ.

ಗಂಡಸರ ಮೇಲೆ ಹಲ್ಲು ಮಸೆಯುವ ಹೆಂಗಸು ಎಂದು ಅವರ ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ನಾನು ಕಂಡದ್ದು ಬೇರೆ. ಹಂಪಿಯಲ್ಲಿ ಎಳನೀರು ಮಾರುವ ಹುಲಿಗೇಶ ಎಂಬವನ ಹೆಂಡತಿ, ಸಂಡೂರಿನ ಗಣಿ ಮಾಲೀಕನ ಹೆಂಡತಿಗೆ ಸಿಕ್ಕಷ್ಟೇ ತನಗೂ ಬೇಕೆಂದು ಪಟ್ಟು ಹಿಡಿದಾಗ, "ಅವನ ಹತ್ರ ಇಲ್ಲದ್ದನ್ನ ಕೋರ್ಟು ಎಲ್ಲಿಂದ ತಂದು ಕೊಡ್ತದವ್ವಾ? ಅವನೂ ಉಣ್ಣಬೇಕಲ್ಲ" ಎಂದು ಮೃದುವಾಗಿಯೇ ಗದರಿದ್ದರು.

ಪಾಟೀಸವಾಲಿನ ದಿನ ಎದುರು ಪಕ್ಷದ ವಕೀಲರು ಹುಲಿ ಹೊಡೆದವರ ಗತ್ತಿನಲ್ಲಿ ಹೊಲಿಗೆಯ ವಿಷಯ ತೆಗೆದರು. "ಹೌದ್ರಿ, ಹೊಲೀತೀನಿ. ಬರೆದುಕೊಟ್ಟೀನಲ್ರಿ" ಎಂದಳು ತಂಗಿ. ಅವರ ಗತ್ತು ಅಲ್ಲಿಗೇ ಇಳಿಯಿತು. ಆಮೇಲೆ ವೀರೇಶನ ಸರದಿ. ಗಂಗಾಂಬಿಕಾ ಕಾಲೆಳೆಯುತ್ತ ಕಟಕಟೆಯ ಹತ್ತಿರ ಹೋಗಿ, ಬೀಗರನ್ನು ಮಾತಾಡಿಸುವಷ್ಟು ವಿನಯದಿಂದ ಕೇಳಿದರು:

"ಅಲ್ರೀ, ಭತ್ತದ ರೇಟ್ ಒಬ್ಬ ಗುಮಾಸ್ತ ಮಾತಾಡಿದ್ರ ರೈತರು ಒಪ್ತಾರೇನ್ರಿ?"

ಗುಮಾಸ್ತ ಎಂದದ್ದೇ ತಡ, ಗಿರಣಿ ಮನೆತನದ ಅಭಿಮಾನ ಅವನ ನೆತ್ತಿಗೇರಿತು. "ಗುಮಾಸ್ತನ ಮಾತು ಯಾರು ಕೇಳ್ತಾರ್ರೀ? ನಾನು ಮಾತಾಡಬೇಕು. ನಾನು ಹೂಂ ಅನ್ನೋತನಕ ಅಲ್ಲಿ ಒಂದು ಚೀಲ ಇಳಿಯಂಗಿಲ್ಲ!"

ಅವನ ವಕೀಲರು ಹಣೆ ಒತ್ತಿಕೊಂಡರು. ಗಂಗಾಂಬಿಕಾ "ಇರ್ಲಿ" ಎಂದು ಬಂದು ಕೂತರು.

ಗಿರಣಿಯನ್ನು ನಡೆಸುವವನು ಸಂಬಳದಾಳೆಂಬ ಮಾತು ನಂಬತಕ್ಕದ್ದಲ್ಲ ಎಂದರು ನ್ಯಾಯಾಧೀಶರು. ಹೆಂಡತಿ ತನ್ನ ಗಳಿಕೆಯನ್ನು ಮರೆಮಾಚಿಲ್ಲ. ಅಲ್ಪಸ್ವಲ್ಪ ಗಳಿಸುವುದು ಜೀವನಾಂಶ ನಿರಾಕರಿಸಲು ಕಾರಣವಾಗದು. ಗಂಡನ ಶಕ್ತಿ, ಆ ಮನೆಯಲ್ಲಿ ಆಕೆ ಬಾಳಿದ ರೀತಿ, ಮಗಳ ಓದು ಮತ್ತು ಹೆಂಡತಿ ಅಲ್ಲಿ ಸವೆಸಿದ ವರ್ಷಗಳ ದುಡಿಮೆ, ಇಷ್ಟನ್ನೂ ತೂಗಿ ತಿಂಗಳ ಮೊತ್ತ ಗೊತ್ತುಮಾಡಿದರು. ಆ ದುಡಿಮೆಯೆಂಬ ಮಾತು ಕಿವಿಗೆ ಬಿದ್ದಾಗ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಹೊರಗೆ ಬಂದು ಅವಳು ಕಾಲಿಗೆ ಬೀಳಹೋದರೆ ವಕೀಲರು ರಟ್ಟೆ ಹಿಡಿದು ಎತ್ತಿದರು. "ಬ್ಯಾಡವಾ. ನಾನೇನು ಕೊಟ್ಟೆ? ನಿನ್ನ ದುಡಿಮಿ ನಿನಗ ಬಂತು." ಅಲ್ಲಿಯವರೆಗೆ ಬಹುವಚನ ಬಿಡದಿದ್ದವರು ಆವತ್ತು ಮೊದಲ ಸಲ ಏಕವಚನಕ್ಕಿಳಿದಿದ್ದರು.

ಸುಮಂಗಲಾ ಈಗ ಟಿ.ಬಿ. ಡ್ಯಾಂ ಹತ್ತಿರ ಮನೆ ಮಾಡಿದ್ದಾಳೆ. ಗಂಗಾಂಬಿಕಾ ಎಂಬ ಆ ತಾಯಿಗೆ ನಮ್ಮ ಮನೆತನ ಎಷ್ಟು ಕೃತಜ್ಞವೆಂದು ಹೇಳಲು ನನಗೆ ಮಾತು ಸಾಲದು. ಮುರಿದ ಸಂಸಾರವನ್ನು ಕೂಡಿಸುವ ಶಕ್ತಿ ಇಂಥವರಿಗೂ ಇಲ್ಲ, ಕೂಡಿಸುತ್ತೇವೆಂಬ ಬಡಾಯಿಯೂ ಇಲ್ಲ. ಆದರೆ ಹಿಡಿಯಷ್ಟು ಅನ್ನಕ್ಕೆ ಕೈಯೊಡ್ಡಲು ಬಂದೆನೆಂದು ತಲೆತಗ್ಗಿಸಿ ನಿಂತ ಹೆಣ್ಣಿಗೆ, ಇಷ್ಟು ವರ್ಷ ಆ ಮನೆಗೆ ಅನ್ನ ಹಾಕಿದವರಲ್ಲಿ ತಾನೂ ಒಬ್ಬಳೆಂಬುದನ್ನು ತಿಳಿಸಿ ಕಳಿಸುತ್ತಾರೆ.